ಡ್ಯುಯಲ್ ಬೂಟ್ ಪಿಸಿ ಬೂಟ್ ಆಗ್ತಿಲ್ವಾ, ಸ್ಲೀಪ್‌ನಿಂದ ಏಳ್ತಿಲ್ವಾ? ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ ಇದನ್ನ ಓದಿ

ಡ್ಯುಯಲ್ ಬೂಟ್ ಪಿಸಿ, ಅಂದ್ರೆ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರೋ ಪಿಸಿ, ಬೂಟ್ ಆಗ್ತಿಲ್ಲ ಅಂದ ತಕ್ಷಣ ನಮ್ಮಲ್ಲಿ ಸುಮಾರು ಜನ ಮಾಡೋ ಮೊದಲ ಕೆಲಸ ಪೆನ್‌ಡ್ರೈವ್ ಚುಚ್ಚಿ ಫಾರ್ಮ್ಯಾಟ್ ಹೊಡೆಯೋದು. ಅಂಗಡಿಗೆ ಹೊತ್ಕೊಂಡು ಹೋದ್ರೂ ಎಷ್ಟೋ ಸಲ ಅದೇ ಆಗುತ್ತೆ, ವಿಂಡೋಸ್ ಹೊಸದಾಗಿ ಹಾಕಿ ಕೊಡ್ತಾರೆ, ಪಕ್ಕದಲ್ಲಿ ಲಿನಕ್ಸ್ ಪಾರ್ಟಿಷನ್ ಒಂದಿತ್ತು ಅನ್ನೋದು ಯಾರ ಗಮನಕ್ಕೂ ಬಂದಿರಲ್ಲ, ಅದರ ಜೊತೆ ಎರಡು ವರ್ಷದ ಕೆಲಸ ಹೋಗಿರುತ್ತೆ. ನನಗೆ ಇದನ್ನ ನೋಡಿದ್ರೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಯಾಕಂದ್ರೆ ನಾನು ಕೂತು ರಿಪೇರಿ ಮಾಡಿರೋ ಮಷೀನ್‌ಗಳಲ್ಲಿ ಫಾರ್ಮ್ಯಾಟ್ ನಿಜವಾಗ್ಲೂ ಬೇಕಾಗಿದ್ದು ಒಂದೇ ಸಲ, ಅದೂ ಎಸ್‌ಎಸ್‌ಡಿನೇ ಸತ್ತಿತ್ತು. ಮಿಕ್ಕಿದ್ದೆಲ್ಲಾ ಒಂದು ಸೆಟ್ಟಿಂಗ್, ಒಂದು ಸಡಿಲವಾದ ರ‍್ಯಾಮ್, ಒಂದು ತಪ್ಪು ಸಾಲು, ಇಷ್ಟೇ.

ಹಾಗಾಗಿ ಈ ಇಡೀ ಬರಹದಲ್ಲಿ ನಾನು ಹಿಡ್ಕೊಂಡಿರೋದು ಒಂದೇ ವಿಷಯ: ಮೊದಲು ಎಲ್ಲಿ ನಿಂತಿದೆ ಅಂತ ಗೊತ್ತು ಮಾಡ್ಕೊಳ್ಳಿ, ಆಮೇಲೆ ಕೈ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೆಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಕಮಾಂಡ್‌ಗಳನ್ನ ಫೋನಲ್ಲಿ ತಂಗಿಗೆ ಹೇಳೋ ಥರ ಕನ್ನಡದಲ್ಲೇ ಬರ್ದಿದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡ್ಬೇಕು. ದೊಡ್ಡಕ್ಷರ ಅಂತ ಹೇಳಿಲ್ಲ ಅಂದ್ರೆ ಎಲ್ಲಾ ಸಣ್ಣಕ್ಷರ. ಉದಾಹರಣೆಗಳು ಉಬುಂಟು, ಮಿಂಟ್ ಅನ್ನೋ ಲಿನಕ್ಸ್‌ಗಳನ್ನ ಇಟ್ಕೊಂಡು ಕೊಟ್ಟಿರೋದು, ಫೆಡೋರಾಗೆ ಬೇರೆ ಇದ್ದ ಕಡೆ ಹೇಳ್ತೀನಿ.

ಕೈ ಹಾಕೋಕೆ ಮುಂಚೆ

ಮೂರು ಕೆಲಸ ಇವತ್ತೇ ಮಾಡಿಟ್ಕೊಳ್ಳಿ, ಮಷೀನ್ ಚೆನ್ನಾಗಿರೋವಾಗ್ಲೇ.

ಮೊದಲ್ನೇದು ಬಿಟ್‌ಲಾಕರ್, ಅಂದ್ರೆ ವಿಂಡೋಸ್‌ನ ಡ್ರೈವ್ ಎನ್‌ಕ್ರಿಪ್ಷನ್, ಅದರ ಕೀ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆಗಿದ್ರೆ ನಿಮಗೆ ಗೊತ್ತಿಲ್ದೇನೇ ಡ್ರೈವ್ ಎನ್‌ಕ್ರಿಪ್ಟ್ ಆಗಿರಬಹುದು. ಆಮೇಲೆ ಬಯಾಸ್‌ನಲ್ಲಿ (ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪ್ರೋಗ್ರಾಂ) ಸೆಕ್ಯೂರ್ ಬೂಟ್ (ಸಹಿ ಇರೋ ಸಾಫ್ಟ್‌ವೇರ್‌ಗೆ ಮಾತ್ರ ಬೂಟ್ ಆಗೋಕೆ ಬಿಡೋ ಕಾವಲು) ಆಫ್ ಮಾಡಿದ್ರೆ ಅಥವಾ ಬಯಾಸ್ ಅಪ್‌ಡೇಟ್ ಮಾಡಿದ್ರೆ ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತೆ. ಅದಿಲ್ಲ ಅಂದ್ರೆ ಡೇಟಾ ಹೋದ ಹಾಗೇ, ಯಾರಿಂದಲೂ ತೆಗೆಯೋಕಾಗಲ್ಲ. ಅಕೌಂಟ್‌ಗೆ ಹೋಗಿ ಕೀ ನೋಡಿ, ಪೇಪರ್ ಮೇಲೆ ಬರೆದಿಟ್ಕೊಳ್ಳಿ. ದಯವಿಟ್ಟು ಇದನ್ನ ಸ್ಕಿಪ್ ಮಾಡ್ಬೇಡಿ.

ಎರಡ್ನೇದು ಒಂದು ಲೈವ್ ಯುಎಸ್‌ಬಿ, ಅಂದ್ರೆ ಇನ್‌ಸ್ಟಾಲ್ ಮಾಡ್ದೇನೇ ಲಿನಕ್ಸ್ ಓಡಿಸೋ ಪೆನ್‌ಡ್ರೈವ್. 8 ಜಿಬಿ ಪೆನ್‌ಡ್ರೈವ್ ಸಾಕು, ಉಬುಂಟು ಅಥವಾ ಮಿಂಟ್ ಬರೆದಿಡಿ, ಸಾಧ್ಯ ಆದ್ರೆ ಇನ್ನೊಂದರಲ್ಲಿ ವಿಂಡೋಸ್ ಇನ್‌ಸ್ಟಾಲರ್ ಕೂಡ ಇರ್ಲಿ. ಮಷೀನ್ ಕೆಟ್ಟ ಮೇಲೆ ಇದನ್ನ ಮಾಡೋಕೆ ಪಕ್ಕದ್ಮನೆ ಲ್ಯಾಪ್‌ಟಾಪ್ ಕೇಳ್ಬೇಕಾಗುತ್ತೆ.

ಮೂರ್ನೇದು ಬಯಾಸ್‌ನ ಒಂದೊಂದು ಪೇಜೂ ಮೊಬೈಲಲ್ಲಿ ಫೋಟೋ ತೆಗೆದಿಡಿ. ಬಯಾಸ್ ರೀಸೆಟ್ ಆದ ದಿನ ಇದರ ಬೆಲೆ ಗೊತ್ತಾಗುತ್ತೆ.

ಎಲ್ಲಿ ನಿಂತಿದೆ?

ಪವರ್ ಬಟನ್ ಒತ್ತಿದ ಮೇಲೆ ಆಗೋದು ಹೀಗೆ: ಎಸ್‌ಎಂಪಿಎಸ್, ಅಂದ್ರೆ ಪವರ್ ಸಪ್ಲೈ ಡಬ್ಬ, ಕರೆಂಟ್ ಕೊಡುತ್ತೆ, ಬೋರ್ಡು ಸಿಪಿಯು ರ‍್ಯಾಮ್ ಗ್ರಾಫಿಕ್ಸ್ ಎಲ್ಲಾ ಚೆಕ್ ಮಾಡುತ್ತೆ, ಆಮೇಲೆ ಬಯಾಸ್, ಅಂದ್ರೆ ಈಗಿನ ಕಾಲದ ಯುಇಎಫ್‌ಐ, ತನ್ನ ಲಿಸ್ಟ್ ನೋಡಿ ಬೂಟ್‌ಲೋಡರ್‌ನ, ಅಂದ್ರೆ ಓಎಸ್ ಎಬ್ಬಿಸೋ ಚಿಕ್ಕ ಪ್ರೋಗ್ರಾಂನ, ಕರೆಯುತ್ತೆ, ಅದು ಲಿನಕ್ಸ್‌ನ ಗ್ರಬ್ ಆಗಿರಬಹುದು ಅಥವಾ ವಿಂಡೋಸ್ ಬೂಟ್ ಮ್ಯಾನೇಜರ್, ಅದು ಓಎಸ್‌ನ ತಿರುಳಾದ ಕರ್ನಲ್‌ನ ಎತ್ಕೊಳ್ಳುತ್ತೆ, ಕರ್ನಲ್ ಡಿಸ್ಕ್‌ಗಳನ್ನ ಮೌಂಟ್ ಮಾಡಿ, ಅಂದ್ರೆ ಬಳಸೋಕೆ ತೆರೆದು, ಕೊನೆಗೆ ಲಾಗಿನ್ ಸ್ಕ್ರೀನ್ ತೋರಿಸುತ್ತೆ. ನಿಮ್ಮ ಕಣ್ಣಿಗೆ ಕೊನೆಗೆ ಕಂಡಿದ್ದೇನು? ಬೋರ್ಡ್ ಕಂಪನಿ ಲೋಗೋ ಕೂಡ ಬರ್ಲಿಲ್ಲ ಅಂದ್ರೆ ಹಾರ್ಡ್‌ವೇರ್ ಕಡೆ ನೋಡಿ. ಲೋಗೋ ಬಂದು ನೇರ ಬಯಾಸ್‌ಗೆ ಹೋಯ್ತು ಅಂದ್ರೆ ಬೂಟ್ ಎಂಟ್ರಿ. ಕಪ್ಪು ಪರದೆ ಮೇಲೆ ಗ್ರಬ್ ಅಂತ ಬರೆದು ಕರ್ಸರ್ ಮಿಣುಕ್ತಿದ್ರೆ ಗ್ರಬ್‌ಗೆ ತನ್ನ ಫೈಲು ಸಿಕ್ಕಿಲ್ಲ. ಗ್ರಬ್ ಮೆನು ಬಂದು ಆಮೇಲೆ ಕಪ್ಪಾಯ್ತು ಅಂದ್ರೆ ಕರ್ನಲ್ ಅಥವಾ ಗ್ರಾಫಿಕ್ಸ್ ಡ್ರೈವರ್. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ರೆ ಅರ್ಧ ಕೆಲಸ ಮುಗೀತು.

ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ

ಮೊದಲು ಮಾನಿಟರ್ ಕೇಬಲ್ ಎಲ್ಲಿ ಚುಚ್ಚಿದೀರ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದಾಗ ಕೇಬಲ್ ಕಾರ್ಡ್‌ಗೇ ಹೋಗ್ಬೇಕು, ಬೋರ್ಡ್‌ಗಲ್ಲ. ಆಮೇಲೆ ಬೋರ್ಡ್ ಮೇಲಿನ ಚಿಕ್ಕ ಎಲ್‌ಇಡಿಗಳನ್ನ ನೋಡಿ, ಈಗಿನ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಇರುತ್ತೆ, ಯಾವುದು ಆರದೆ ಉಳಿಯುತ್ತೋ ಅಲ್ಲೇ ತೊಂದರೆ. ಡಿಡಿಆರ್5 ಬೋರ್ಡ್ ಆಗಿದ್ರೆ ಒಂದು ವಿಷಯ: ಹೊಸ ರ‍್ಯಾಮ್ ಹಾಕಿದಾಗ ಅಥವಾ ಬಯಾಸ್ ರೀಸೆಟ್ ಆದಾಗ ಮೊದಲ ಸಲ ಮೆಮೊರಿ ಟ್ರೇನಿಂಗ್ ಅಂತ ಕೆಲವು ನಿಮಿಷ ತಗೊಳ್ಳುತ್ತೆ, ಡಿರ‍್ಯಾಮ್ ಲೈಟ್ ಉರೀತಾನೇ ಇರುತ್ತೆ, ಪರದೆ ಕಪ್ಪಾಗೇ ಇರುತ್ತೆ. ಸುಮಾರು ಜನ ಅಷ್ಟರಲ್ಲಿ ಹೆದರಿ ಸ್ವಿಚ್ ಆಫ್ ಮಾಡಿಬಿಡ್ತಾರೆ. ಒಂದು ಕಾಫಿ ಕುಡಿದು ಬನ್ನಿ.

ತಂಗಿ ಬೆಂಗಳೂರಿಂದ ಮೈಸೂರಿಗೆ ಮನೆ ಬದಲಾಯಿಸಿದಾಗ ಪಿಸಿನ ಟೆಂಪೋದಲ್ಲಿ ಹಾಕ್ಕೊಂಡು ಹೋದ್ಲು, ಸೇರಿದ ರಾತ್ರಿನೇ ಫೋನು, "ಅಣ್ಣಾ, ಫ್ಯಾನ್ ಎಲ್ಲಾ ತಿರುಗ್ತಿದೆ, ಏನೂ ಬರ್ತಿಲ್ಲ ಕಣೋ." ವಿಡಿಯೋ ಕಾಲಲ್ಲಿ ನೋಡಿದ್ರೆ ಡಿರ‍್ಯಾಮ್ ಲೈಟು. ಪವರ್ ಕೇಬಲ್ ಕಿತ್ತು, ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡ್ಕೋ ಅಂದೆ, ಉಳಿದಿರೋ ಚಾರ್ಜ್ ಹೋಗ್ಲಿ ಅಂತ. ಕೇಸ್‌ನ ಬರೀ ಕಬ್ಬಿಣ ಒಂದ್ಸಲ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆದು ಮತ್ತೆ ಹಾಕು ಅಂದೆ. ಹಾಕಿದೆ ಅಂದ್ಲು, ಬರ್ಲಿಲ್ಲ. ಟಕ್ ಅಂತ ಶಬ್ದ ಬಂತಾ ಅಂತ ಕೇಳಿದೆ. ಇಲ್ಲ ಅಂದ್ಲು. ಆ ಬೋರ್ಡ್‌ನಲ್ಲಿ ಕ್ಲಿಪ್ ಒಂದೇ ಕಡೆ ಇರೋದು, ಇನ್ನೊಂದು ತುದಿ, ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಹತ್ರ ಇರೋ ತುದಿ, ಒಂದು ಕೂದಲೆಳೆ ಮೇಲೆದ್ದಿತ್ತು. ಎರಡೂ ಹೆಬ್ಬೆರಳಿಟ್ಟು ಸಮವಾಗಿ ಒತ್ತು, ಬೋರ್ಡ್ ಸ್ವಲ್ಪ ಬಾಗಿದ ಹಾಗೆ ಅನ್ಸಿದ್ರೂ ಪರ್ವಾಗಿಲ್ಲ ಅಂದೆ. ಟಕ್. ಲೋಗೋ ಬಂತು. ರಾತ್ರಿ ಹನ್ನೊಂದೂವರೆಗೆ ಆ ಶಬ್ದ ಫೋನಲ್ಲಿ ನನಗೂ ಕೇಳಿಸ್ತು.

ಎರಡು ಸ್ಟಿಕ್ ಇದ್ರೆ ಸಾಮಾನ್ಯವಾಗಿ ಸಿಪಿಯು ಕಡೆಯಿಂದ ಎಣಿಸಿ ಎರಡ್ನೇ ಮತ್ತು ನಾಲ್ಕನೇ ಸ್ಲಾಟು. ಆಗ್ಲೂ ಬರ್ಲಿಲ್ಲ ಅಂದ್ರೆ ಒಂದೇ ಸ್ಟಿಕ್ ಇಟ್ಟು ನೋಡಿ, ಆಮೇಲೆ ಇನ್ನೊಂದು. ಸಿಪಿಯು ಪವರ್‌ನ ಎಂಟು ಪಿನ್ನಿಂದು, ಗ್ರಾಫಿಕ್ಸ್ ಕಾರ್ಡಿಂದು ಗಟ್ಟಿ ಕೂತಿದೆಯಾ ನೋಡಿ. ಕೊನೆಗೆ ಕ್ಲಿಯರ್ ಸಿಮಾಸ್, ಅಂದ್ರೆ ಬಯಾಸ್ ಸೆಟ್ಟಿಂಗ್ ಅಳಿಸೋದು: ಪ್ಲಗ್ ಕಿತ್ತು, ಬೋರ್ಡ್‌ನ ದುಂಡು ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಆ ಸೆಲ್ ಹೆಸರು ಸಿಆರ್2032, 3 ವೋಲ್ಟಿಂದು, ವಾಚ್ ಅಂಗಡಿಲೂ ಸಿಗುತ್ತೆ. ಪ್ರತಿ ಸಲ ಪ್ಲಗ್ ಕಿತ್ತಾಗ ಟೈಮು, ಬಯಾಸ್ ಸೆಟ್ಟಿಂಗು ಎಲ್ಲಾ ಹೋಗ್ತಿದೆ ಅಂದ್ರೆ ಆ ಸೆಲ್ ಮುಗಿದಿದೆ, ಬೇರೆ ಏನೂ ಹುಡುಕೋಕೆ ಹೋಗ್ಬೇಡಿ.

ಬಯಾಸ್ ಬರುತ್ತೆ, ಓಎಸ್ ಸಿಗ್ತಿಲ್ಲ

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೊಂಡ್ರೆ ಆಮೇಲೆ ಎಲ್ಲಾ ಸುಲಭ. ಯುಇಎಫ್‌ಐ ಮಷೀನ್‌ನಲ್ಲಿ ಬೂಟ್‌ಲೋಡರ್ ಫೈಲುಗಳು ಇರೋದು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅನ್ನೋ ಚಿಕ್ಕ ಫ್ಯಾಟ್32 ಪಾರ್ಟಿಷನ್‌ನಲ್ಲಿ, ಅವುಗಳ ಹೆಸರಿನ ಪಟ್ಟಿ ಇರೋದು ಬೋರ್ಡ್‌ನ ಒಳಗಿನ ಮೆಮೊರಿಯಲ್ಲಿ. ಪಟ್ಟಿ ಅಳಿಸಿ ಹೋದ್ರೂ ಫೈಲುಗಳು ಡಿಸ್ಕ್‌ನಲ್ಲಿ ಹಾಗೇ ಇರುತ್ತೆ. ಬಯಾಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮಾಯ ಆಯ್ತು ಅಂತಾರಲ್ಲ, ಮಾಯ ಆಗಿರೋದು ಹೆಸರು ಮಾತ್ರ.

ಮೊದಲು ಬೂಟ್ ಮೆನು ಕೀ ಒತ್ತಿ ನೋಡಿ. ಏಸಸ್ ಬೋರ್ಡ್‌ಗಳಲ್ಲಿ ಎಫ್8, ಗಿಗಾಬೈಟ್‌ನಲ್ಲಿ ಎಫ್12, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11. ಅಲ್ಲಿ ಉಬುಂಟು ಅಂತ ಇದ್ರೆ ಬರೀ ಆರ್ಡರ್ ಬದಲಾಗಿರೋದು, ಬಯಾಸ್‌ಗೆ ಹೋಗಿ ಅದನ್ನ ಮೇಲೆ ತಂದ್ರೆ ಮುಗೀತು. ದೊಡ್ಡ ವಿಂಡೋಸ್ ಅಪ್‌ಡೇಟ್ ಆದಾಗ ಹೀಗೆ ಆಗೋದುಂಟು. ಲಿನಕ್ಸ್ ಒಳಗಿಂದ ಮಾಡೋದಾದ್ರೆ: ಸುಡೋ ಇಎಫ್‌ಐಬೂಟ್‌ಎಂಜಿಆರ್. ಬೂಟ್ 0000, 0001 ಅಂತ ಪಟ್ಟಿ ಬರುತ್ತೆ, ಬೇಕಾದ ಕ್ರಮನ ಮೈನಸ್ ಓ ಹಾಕಿ ಕಾಮಾದಿಂದ ಬೇರ್ಪಡಿಸಿ ಕೊಡಿ.

ಹೆಸರೇ ಇಲ್ಲ ಅಂದ್ರೆ ಬಯಾಸ್‌ನಲ್ಲಿ ಸಿಎಸ್‌ಎಂ, ಅಂದ್ರೆ ಹಳೇ ಬಯಾಸ್ ಥರ ಬೂಟ್ ಮಾಡೋ ಮೋಡ್, ಆನ್ ಆಗಿದೆಯಾ ನೋಡಿ. ಹಳೇ ಲೆಗಸಿ ಮೋಡ್‌ನಲ್ಲಿ ಒಂದು ಓಎಸ್, ಯುಇಎಫ್‌ಐನಲ್ಲಿ ಇನ್ನೊಂದು ಹಾಕಿದ್ರೆ ಇವೆರಡೂ ಯಾವತ್ತೂ ಒಂದೇ ಮೆನುವಲ್ಲಿ ಸರಿಯಾಗಿ ಕೂರಲ್ಲ. ಚೆಕ್ ಮಾಡೋದು ಸುಲಭ: ಲಿನಕ್ಸ್‌ನಲ್ಲಿ /ಸಿಸ್/ಫರ್ಮ್‌ವೇರ್/ಇಎಫ್‌ಐ ಅನ್ನೋ ಫೋಲ್ಡರ್ ಇದ್ರೆ ಯುಇಎಫ್‌ಐ. ವಿಂಡೋಸ್‌ನಲ್ಲಿ ರನ್ ಬಾಕ್ಸ್‌ಗೆ ಎಂಎಸ್‌ಇನ್ಫೋ32 ಅಂತ ಹೊಡೆದು ಬಯಾಸ್ ಮೋಡ್ ಸಾಲು ನೋಡಿ. ಲೈವ್ ಯುಎಸ್‌ಬಿ ಹಾಕೋವಾಗ್ಲೂ ಬೂಟ್ ಮೆನುವಲ್ಲಿ ಯುಇಎಫ್‌ಐ ಅಂತ ಮುಂದೆ ಇರೋ ಎಂಟ್ರಿನೇ ಆರಿಸಿ, ಇಲ್ಲಾಂದ್ರೆ ರಿಪೇರಿ ಕೂಡ ತಪ್ಪು ಮೋಡ್‌ನಲ್ಲಿ ಆಗುತ್ತೆ.

ಇಂಟೆಲ್ ಬೋರ್ಡ್ ಇರೋರು ಗಮನಿಸಿ: ಸ್ಟೋರೇಜ್ ಮೋಡ್ ಇಂಟೆಲ್‌ನದೇ ಆದ ವಿಎಂಡಿ ಅಥವಾ ಆರ್‌ಎಸ್‌ಟಿ ಆಗಿದ್ರೆ ಲಿನಕ್ಸ್ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದೇ ಇರಬಹುದು. ಅದನ್ನ ಸುಮ್ನೆ ಎಎಚ್‌ಸಿಐ ಅನ್ನೋ ಮಾಮೂಲಿ ಮೋಡ್‌ಗೆ ಬದಲಾಯಿಸಿದ್ರೆ ವಿಂಡೋಸ್ ನೀಲಿ ಸ್ಕ್ರೀನ್ ಹೊಡೆಯುತ್ತೆ. ಮೊದಲು ವಿಂಡೋಸ್‌ನ ಸೇಫ್ ಮೋಡ್‌ಗೆ ಬರೋ ಥರ ಸೆಟ್ ಮಾಡಿ, ರೀಸ್ಟಾರ್ಟ್‌ನಲ್ಲಿ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇಫ್ ಮೋಡ್‌ನಲ್ಲಿ ಒಂದ್ಸಲ ಬೂಟ್ ಆದ್ರೆ ಡ್ರೈವರ್ ತಾನೇ ಹಾಕ್ಕೊಳ್ಳುತ್ತೆ, ಆಮೇಲೆ ಸೇಫ್ ಮೋಡ್ ತೆಗೀಬಹುದು.

ಗ್ರಬ್ ರೆಸ್ಕ್ಯೂ ಅಂತ ಬಂದು ನಿಂತ್ರೆ

ಹೆದರ್ಬೇಡಿ. ಇದು ಬರೋದು ಹೆಚ್ಚಾಗಿ ವಿಂಡೋಸ್ ಕಡೆಯಿಂದ ಪಾರ್ಟಿಷನ್ ಅಳಿಸಿದಾಗ, ಜರುಗಿಸಿದಾಗ. ಎಲ್‌ಎಸ್ ಅಂತ ಹೊಡೆದ್ರೆ ಬ್ರಾಕೆಟ್‌ನಲ್ಲಿ ಎಚ್‌ಡಿ0, ಜಿಪಿಟಿ2 ಥರ ಪಾರ್ಟಿಷನ್‌ಗಳ ಪಟ್ಟಿ ಬರುತ್ತೆ. ಒಂದೊಂದನ್ನೇ ನೋಡಿ: ಎಲ್‌ಎಸ್, ಸ್ಪೇಸ್, ಆ ಬ್ರಾಕೆಟ್, ಅದಕ್ಕೆ ಅಂಟಿಸಿ /ಬೂಟ್/ಗ್ರಬ್. ಫೈಲುಗಳ ಹೆಸರು ಬಂದ್ರೆ ಅದೇ ನಿಮ್ಮ ಲಿನಕ್ಸ್ ಪಾರ್ಟಿಷನ್. ಆಮೇಲೆ ಸೆಟ್ ರೂಟ್ ಈಕ್ವಲ್ ಆ ಬ್ರಾಕೆಟ್, ಸೆಟ್ ಪ್ರಿಫಿಕ್ಸ್ ಈಕ್ವಲ್ ಅದೇ ಬ್ರಾಕೆಟ್ ಜೊತೆ /ಬೂಟ್/ಗ್ರಬ್, ಇನ್ಸ್‌ಮಾಡ್ ನಾರ್ಮಲ್, ಕೊನೆಗೆ ನಾರ್ಮಲ್. ಮೆನು ಬರುತ್ತೆ. ಇದು ಒಂದು ಸಲಕ್ಕೆ ಮಾತ್ರ, ಲಿನಕ್ಸ್ ಒಳಗೆ ಹೋದ ತಕ್ಷಣ ಸುಡೋ ಗ್ರಬ್-ಇನ್‌ಸ್ಟಾಲ್, ಆಮೇಲೆ ಸುಡೋ ಅಪ್‌ಡೇಟ್-ಗ್ರಬ್ ಮಾಡ್ಬೇಕು. ಫೆಡೋರಾದಲ್ಲಿ ಯುಇಎಫ್‌ಐ ಮಷೀನ್ ಮೇಲೆ ಗ್ರಬ್ ಇನ್‌ಸ್ಟಾಲ್ ಕಮಾಂಡ್ ಹೊಡೀಬೇಡಿ, ಅಲ್ಲಿ ಶಿಮ್ (ಸೆಕ್ಯೂರ್ ಬೂಟ್‌ಗಾಗಿ ಗ್ರಬ್‌ಗಿಂತ ಮುಂಚೆ ಓಡೋ ಚಿಕ್ಕ ಪ್ರೋಗ್ರಾಂ) ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜ್‌ಗಳನ್ನ ಡಿಎನ್‌ಎಫ್ ರೀಇನ್‌ಸ್ಟಾಲ್ ಮಾಡೋದೇ ಸರಿಯಾದ ದಾರಿ.

ಮೆನು ಬರುತ್ತೆ ಆದ್ರೆ ವಿಂಡೋಸ್ ಸಾಲು ಇಲ್ವಾ? 2021ರಲ್ಲಿ ಬಂದ ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕೋ ಓಎಸ್-ಪ್ರೋಬರ್‌ನ ಡೀಫಾಲ್ಟ್ ಆಗಿ ಆಫ್ ಮಾಡಿದಾರೆ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲು ತೆಗೆದು ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಅನ್ನೋ ಸಾಲನ್ನ, ಅದು ಪೂರ್ತಿ ದೊಡ್ಡಕ್ಷರ, ಈಕ್ವಲ್ ಫಾಲ್ಸ್ ಮಾಡಿ, ಮತ್ತೆ ಅಪ್‌ಡೇಟ್-ಗ್ರಬ್.

ಇನ್ನೊಂದು ಮೆಸೇಜು, ಶಿಮ್ ಎಸ್‌ಬ್ಯಾಟ್ ಡೇಟಾ ವೆರಿಫೈ ಆಗ್ಲಿಲ್ಲ, ಸೆಕ್ಯೂರಿಟಿ ಪಾಲಿಸಿ ವಯಲೇಷನ್ ಅಂತ ಬಂದು ಮಷೀನ್ ಆಫ್ ಆಗೋದು. 2024ರ ಆಗಸ್ಟ್ ತಿಂಗಳ ವಿಂಡೋಸ್ ಸೆಕ್ಯೂರಿಟಿ ಅಪ್‌ಡೇಟ್ ಬಂದಾಗ ಡ್ಯುಯಲ್ ಬೂಟ್ ಇದ್ದ ಸುಮಾರು ಜನಕ್ಕೆ ಇದು ಬಂತು, ಹಳೇ ಶಿಮ್ ಇದ್ದ ಲಿನಕ್ಸ್‌ಗಳನ್ನ ಸೆಕ್ಯೂರ್ ಬೂಟ್ ಒಳಗೆ ಬಿಡ್ಲಿಲ್ಲ. ಪರಿಹಾರ: ಬಿಟ್‌ಲಾಕರ್ ಕೀ ಕೈಯಲ್ಲಿಟ್ಕೊಂಡು ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್‌ಗೆ ಬಂದು ಸುಡೋ ಮಾಕ್‌ಯುಟಿಲ್ ಮೈನಸ್ ಮೈನಸ್ ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್, ಒಂದ್ಸಲ ರೀಸ್ಟಾರ್ಟ್ ಮಾಡಿ ಮತ್ತೆ ಲಿನಕ್ಸ್‌ಗೇ ಬನ್ನಿ, ಲಿನಕ್ಸ್ ಪೂರ್ತಿ ಅಪ್‌ಡೇಟ್ ಮಾಡಿ ಹೊಸ ಶಿಮ್ ತಗೊಳ್ಳಿ, ಆಮೇಲೆ ಸೆಕ್ಯೂರ್ ಬೂಟ್ ಆನ್.

ಉಲ್ಟಾ ಕೇಸು, ಲಿನಕ್ಸ್ ಬರುತ್ತೆ ವಿಂಡೋಸ್ ಬರಲ್ಲ ಅಂದ್ರೆ ವಿಂಡೋಸ್ ಯುಎಸ್‌ಬಿ ಹಾಕಿ ರಿಪೇರಿ, ಕಮಾಂಡ್ ಪ್ರಾಂಪ್ಟ್. ಡಿಸ್ಕ್‌ಪಾರ್ಟ್‌ನಲ್ಲಿ ಆ ಫ್ಯಾಟ್32 ಪಾರ್ಟಿಷನ್‌ಗೆ ಎಸ್ ಅಂತ ಅಕ್ಷರ ಕೊಟ್ಟು, ಹೊರಗೆ ಬಂದು ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ. ಇಲ್ಲಿ ಸಿ ಅನ್ನೋದು ನಿಜವಾಗ್ಲೂ ವಿಂಡೋಸ್ ಇರೋ ಡ್ರೈವಾ ಅಂತ ಡಿಐಆರ್ ಹೊಡೆದು ನೋಡ್ಕೊಳ್ಳಿ, ರಿಪೇರಿ ಸ್ಕ್ರೀನ್‌ನಲ್ಲಿ ಅಕ್ಷರಗಳು ಅದಲು ಬದಲಾಗಿರಬಹುದು.

ಮೆನು ಆದ ಮೇಲೆ ಕಪ್ಪು, ಇಲ್ಲಾ ಎಮರ್ಜೆನ್ಸಿ ಮೋಡ್

ಗ್ರಬ್ ಮೆನುವಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದು ಬಂತು ಅಂದ್ರೆ ಹೊಸ ಕರ್ನಲ್‌ಗೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕಟ್ಟಿಲ್ಲ, ಅಥವಾ ಬೂಟ್ ಪಾರ್ಟಿಷನ್ ತುಂಬಿ, ಕರ್ನಲ್ ಜೊತೆ ಲೋಡ್ ಆಗೋ ಇನಿಟ್‌ರ‍್ಯಾಮ್ ಫೈಲು ಅರ್ಧಕ್ಕೇ ನಿಂತಿದೆ. ಡಿಎಫ್ ಮೈನಸ್ ಎಚ್ /ಬೂಟ್ ಅಂತ ಹೊಡೀರಿ, 100% ಇದ್ರೆ ಸುಡೋ ಆಪ್ಟ್ ಆಟೋರಿಮೂವ್ ಮಾಡಿ, ಆಮೇಲೆ ಸುಡೋ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ಮೈನಸ್ ಯು ಮೈನಸ್ ಕೆ ಆಲ್. ಹಳೇ ಕರ್ನಲೂ ಕಪ್ಪಾದ್ರೆ ಮೆನು ಸಾಲಿನ ಮೇಲೆ ಇ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಿನ ಕೊನೆಗೆ ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ ಸೇರಿಸಿ ಎಫ್10. ರೆಸಲ್ಯೂಷನ್ ಕೆಟ್ಟದಾಗಿರುತ್ತೆ, ಆದ್ರೆ ಡೆಸ್ಕ್‌ಟಾಪ್‌ವರೆಗೂ ಬರುತ್ತೆ, ಅಲ್ಲಿಂದ ಡ್ರೈವರ್ ಸರಿ ಮಾಡ್ಕೋಬಹುದು. ಸೆಕ್ಯೂರ್ ಬೂಟ್ ಆನ್ ಇದ್ದು ಎನ್ವಿಡಿಯಾ ಡ್ರೈವರ್ ಹಾಕಿದ್ರೆ ಮುಂದಿನ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಲಿ ಮಾಕ್, ಅಂದ್ರೆ ಡ್ರೈವರ್‌ನ ಸಹಿ ಕೀ, ಎನ್‌ರೋಲ್ ಮಾಡಿ ಅಂತ ಕೇಳುತ್ತೆ. ಅದನ್ನ ಏನೋ ವೈರಸ್ ಅನ್ಕೊಂಡು ದಾಟಿಸಿಬಿಟ್ರೆ ಡ್ರೈವರ್ ಲೋಡ್ ಆಗಲ್ಲ.

ಒಂದೂವರೆ ನಿಮಿಷ ಸುಮ್ನೆ ನಿಂತು ಎಮರ್ಜೆನ್ಸಿ ಮೋಡ್‌ಗೆ ಹೋಗೋದು ಬಹುತೇಕ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿಂದ, ಬೂಟ್ ಆದಾಗ ಮೌಂಟ್ ಮಾಡ್ಬೇಕಾದ ಡಿಸ್ಕ್‌ಗಳ ಪಟ್ಟಿ ಅದು. ಅದ್ರಲ್ಲಿ ಬರೆದಿರೋ ಯುಯುಐಡಿಯ, ಅಂದ್ರೆ ಗುರುತಿನ ನಂಬರಿನ, ಡಿಸ್ಕ್ ಈಗ ಇಲ್ಲ, ಅದಕ್ಕೆ ಸಿಸ್ಟಂ 90 ಸೆಕೆಂಡ್ ಕಾಯುತ್ತೆ. ನೀವು ಹಳೇ ಹಾರ್ಡ್‌ಡಿಸ್ಕ್ ತೆಗೆದಿರ್ತೀರ, ಅಥವಾ ಡೇಟಾ ಡ್ರೈವ್ ಫಾರ್ಮ್ಯಾಟ್ ಮಾಡಿರ್ತೀರ. ಸುಡೋ ಬಿಎಲ್‌ಕೆಐಡಿ ಹೊಡೆದು ನಿಜವಾದ ಯುಯುಐಡಿ ನೋಡಿ ತಿದ್ದಿ, ಮುಖ್ಯವಲ್ಲದ ಡ್ರೈವ್‌ಗಳಿಗೆ ಆಪ್ಷನ್‌ನಲ್ಲಿ ನೋಫೇಲ್ ಸೇರಿಸಿ.

ಎರಡು ಓಎಸ್ ನಡುವಿನ ಜಗಳ

ಡ್ಯುಯಲ್ ಬೂಟ್‌ನ ಅರ್ಧ ತಲೆನೋವು ಫಾಸ್ಟ್ ಸ್ಟಾರ್ಟಪ್ ಅನ್ನೋ ಒಂದು ಟಿಕ್ ಮಾರ್ಕಿಂದ ಬರುತ್ತೆ. ವಿಂಡೋಸ್ 8ರಿಂದ ಇದೆ. ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಕರ್ನಲ್‌ನ ಡಿಸ್ಕ್‌ಗೆ ಬರೆದು ಮಲಗುತ್ತೆ, ಹಾಗಾಗಿ ಅದರ ಪಾರ್ಟಿಷನ್‌ಗಳು ಇನ್ನೂ ಬಳಕೆಲಿದೆ ಅನ್ನೋ ಸ್ಥಿತಿಲಿರುತ್ತೆ. ಲಿನಕ್ಸ್‌ಗೆ ಬಂದ್ರೆ ಡಿ ಡ್ರೈವ್ ತೆರೆಯೋಕಾಗುತ್ತೆ ಆದ್ರೆ ಬರೆಯೋಕಾಗಲ್ಲ, ಅಥವಾ ಮೌಂಟೇ ಆಗಲ್ಲ. ಬಲವಂತವಾಗಿ ಮೌಂಟ್ ಮಾಡಿ ಬರೆದ್ರೆ ಫೈಲ್‌ಸಿಸ್ಟಂ ಕೆಡುತ್ತೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡ್ಬೇಕು ಅನ್ನೋ ಪೇಜಿಗೆ ಹೋಗಿ ಆ ಟಿಕ್ ತೆಗೀರಿ. ವಿಂಡೋಸ್‌ನ ರೀಸ್ಟಾರ್ಟ್ ಮಾತ್ರ ಯಾವಾಗ್ಲೂ ಪೂರ್ತಿ ಆಗುತ್ತೆ, ಅದಕ್ಕೇ ಶಟ್‌ಡೌನ್ ಮಾಡಿ ಬಂದ್ರೆ ತೊಂದ್ರೆ, ರೀಸ್ಟಾರ್ಟ್ ಮಾಡಿ ಬಂದ್ರೆ ಸರಿ ಅಂತ ಜನ ತಲೆ ಕೆರ್ಕೊಳ್ಳೋದು.

ಇನ್ನೊಂದು ಟೈಮು. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಕರೆಕ್ಟಾಗಿ ಐದೂವರೆ ಗಂಟೆ ಹಿಂದೆ ಇದ್ರೆ ಸೆಲ್ ಹೋಗಿಲ್ಲ. ಬೋರ್ಡ್ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದ್ರೆ ಜಾಗತಿಕ ಟೈಮ್, ಇಡುತ್ತೆ, ವಿಂಡೋಸ್ ಅದನ್ನೇ ನಮ್ಮ ಲೋಕಲ್ ಟೈಮ್ ಅಂತ ಓದುತ್ತೆ, ಭಾರತದ ಟೈಮು ಯುಟಿಸಿಗಿಂತ 5:30 ಮುಂದೆ. ಸುಲಭದ ದಾರಿ ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1.

ಈಗ ಸ್ಲೀಪ್

ಇದು ಬೂಟ್‌ಗಿಂತ ಜಾಸ್ತಿ ತಾಳ್ಮೆ ಕೇಳುತ್ತೆ. ಮೊದಲು ನಿಮ್ಮ ಮಷೀನ್ ಯಾವ ಥರ ಮಲಗುತ್ತೆ ನೋಡಿ: ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್. ಚೌಕ ಬ್ರಾಕೆಟ್ ಒಳಗೆ ಡೀಪ್ ಅಂತ ಇದ್ರೆ ಅದು ಹಳೇ ಎಸ್3, ರ‍್ಯಾಮ್‌ಗೆ ಮಾತ್ರ ಕರೆಂಟ್, ಫ್ಯಾನ್ ಎಲ್ಲಾ ನಿಲ್ಲುತ್ತೆ. ಎಸ್2ಐಡಲ್ ಅಂದ್ರೆ ಹಗುರ ನಿದ್ದೆ. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಡೀಪ್ ಇರುತ್ತೆ. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ /ಎ ಹೊಡೆದ್ರೆ ಇದೇ ಮಾಹಿತಿ.

ಮಲಗಿದ ಎರಡೇ ಸೆಕೆಂಡಿಗೆ ಎದ್ದು ಬಿಡೋದು. ನನ್ನ ಸ್ವಂತ ಮಷೀನ್‌ದೇ ಈ ಕಥೆ. ವಿಂಡೋಸ್‌ನಲ್ಲಿ ಚೆನ್ನಾಗಿ ಮಲಗ್ತಿತ್ತು, ಲಿನಕ್ಸ್‌ನಲ್ಲಿ ಪರದೆ ಆಫ್ ಆಗಿ, ಫ್ಯಾನ್ ನಿಂತು, ಟಿಕ್ ಅಂತ ರಿಲೇ ಶಬ್ದ ಬಂದು, ಮತ್ತೆ ಎಲ್ಲಾ ಆನ್. ಮೂರು ದಿನ ಸಂಜೆ ಕೂತೆ. ಮೌಸ್ ಕಿತ್ತೆ, ಕೀಬೋರ್ಡ್ ಕಿತ್ತೆ, ನೆಟ್‌ವರ್ಕ್ ಕೇಬಲ್ ಕಿತ್ತೆ, ಏನೂ ಬದಲಾಗ್ಲಿಲ್ಲ. ಕೊನೆಗೆ ಕ್ಯಾಟ್ /ಪ್ರಾಕ್/ಎಸಿಪಿಐ/ವೇಕಪ್ ತೆಗೆದೆ. ಯಾವ ಯಾವ ಡಿವೈಸ್‌ಗೆ ಮಷೀನ್‌ನ ಎಬ್ಬಿಸೋ ಹಕ್ಕಿದೆ ಅಂತ ಅದು ಹೇಳುತ್ತೆ, ಎನೇಬಲ್ಡ್ ಅಂತ ಐದಾರು ಸಾಲಿತ್ತು. ಒಂದೊಂದನ್ನೇ ಆಫ್ ಮಾಡಿ ಮಲಗಿಸಿ ನೋಡ್ತಾ ಹೋದೆ, ನೋಟ್‌ಬುಕ್ಕಲ್ಲಿ ಟಿಕ್ ಹಾಕ್ತಾ. ಜಿಪಿಪಿ0 ಅನ್ನೋ ಸಾಲು ಆಫ್ ಮಾಡಿದಾಗ ಮಲಗಿದ್ದು ಏಳ್ಲೇ ಇಲ್ಲ, ನಾನು ಕೀ ಒತ್ತೋವರೆಗೂ. ಅದು ಪಿಸಿಐ ಎಕ್ಸ್‌ಪ್ರೆಸ್ ಬ್ರಿಡ್ಜ್ ಒಂದರ ಹೆಸರು. ನಿಮ್ಮದು ಬೇರೆ ಇರಬಹುದು, ಎಕ್ಸ್‌ಎಚ್‌ಸಿ ಅಂತ ಶುರುವಾಗೋದು ಇದ್ರೆ ಅದು ಯುಎಸ್‌ಬಿ.

ಆಫ್ ಮಾಡೋ ಕಮಾಂಡು: ಎಕೋ, ಆ ಹೆಸರು ದೊಡ್ಡಕ್ಷರದಲ್ಲಿ, ಪೈಪ್ ಗೆರೆ, ಸುಡೋ ಟೀ /ಪ್ರಾಕ್/ಎಸಿಪಿಐ/ವೇಕಪ್. ಹುಷಾರು, ಇದು ಸ್ವಿಚ್ ಥರ, ಎರಡ್ನೇ ಸಲ ಹೊಡೆದ್ರೆ ಮತ್ತೆ ಆನ್ ಆಗುತ್ತೆ, ಪ್ರತಿ ಸಲ ಪಟ್ಟಿ ತೆಗೆದು ನೋಡಿ. ರೀಸ್ಟಾರ್ಟ್ ಆದ್ರೆ ಮರೆತೂ ಹೋಗುತ್ತೆ, ಅದಕ್ಕೆ ಇದೇ ಸಾಲನ್ನ ಬೂಟ್ ಆದಾಗ ಒಂದೇ ಸಲ ಓಡೋ ಒನ್‌ಶಾಟ್ ಸಿಸ್ಟಂಡಿ ಸರ್ವಿಸ್ ಮಾಡಿ ಎನೇಬಲ್ ಮಾಡಿಡಿ.

ರಾತ್ರಿ ಹೊತ್ತು ತಾನೇ ಏಳೋದು ಬೇರೆ ವಿಷಯ. ವಿಂಡೋಸ್‌ನಲ್ಲಿ ಬೆಳಿಗ್ಗೆ ಎದ್ದು ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್ ಹೊಡೀರಿ, ಆಮೇಲೆ ಪವರ್‌ಸಿಎಫ್‌ಜಿ /ವೇಕ್‌ಟೈಮರ್ಸ್. ಅಪ್‌ಡೇಟ್ ಟೈಮರ್ ಆಗಿದ್ರೆ ಪವರ್ ಪ್ಲ್ಯಾನ್‌ನ ಸ್ಲೀಪ್ ವಿಭಾಗದಲ್ಲಿ ವೇಕ್ ಟೈಮರ್ಸ್ ಡಿಸೇಬಲ್ ಮಾಡಿ. ನೆಟ್‌ವರ್ಕ್ ಕಾರ್ಡ್ ಎಬ್ಬಿಸ್ತಿದ್ರೆ ವೇಕ್ ಆನ್ ಲ್ಯಾನ್ ಆಫ್ ಮಾಡಿ. ಮೌಸ್ ಆಗಿದ್ರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಏಳಿಸೋ ಹಕ್ಕು ತೆಗೀರಿ, ಆಪ್ಟಿಕಲ್ ಮೌಸ್‌ಗೆ ಟೇಬಲ್ ಅಲುಗಾಡಿದ್ರೂ ಸಾಕು, ಕೀಬೋರ್ಡ್ ಒಂದಕ್ಕೆ ಹಕ್ಕಿದ್ರೆ ಸಾಕಲ್ವಾ.

ಮಲಗಿದ್ದು ಏಳ್ತಾನೇ ಇಲ್ಲ ಅನ್ನೋದು ಎಲ್ಲಕ್ಕಿಂತ ಕಷ್ಟದ್ದು. ಪರದೆ ಕಪ್ಪಾಗಿದ್ದಾಗ ನಮ್ ಲಾಕ್ ಒತ್ತಿ, ಕೀಬೋರ್ಡ್ ಲೈಟ್ ಆನ್ ಆಫ್ ಆದ್ರೆ ಸಿಸ್ಟಂ ಜೀವಂತ ಇದೆ, ಬರೀ ಡಿಸ್‌ಪ್ಲೇ ಎದ್ದಿಲ್ಲ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ನೋಡಿ, ಮಾನಿಟರ್ ಆಫ್ ಮಾಡಿ ಆನ್ ಮಾಡಿ. ಲೈಟೂ ಬದಲಾಗ್ಲಿಲ್ಲ ಅಂದ್ರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡ್ಕೊಂಡು ಎಸ್, ಯು, ಬಿ ನಿಧಾನಕ್ಕೆ ಒಂದೊಂದಾಗಿ ಒತ್ತಿ, ಕರ್ನಲ್‌ಗೆ ಇನ್ನೂ ಜೀವ ಇದ್ರೆ ಡಿಸ್ಕ್‌ಗೆ ಬರೆಯೋದು ಮುಗಿಸಿ ಸುರಕ್ಷಿತವಾಗಿ ರೀಸ್ಟಾರ್ಟ್ ಆಗುತ್ತೆ. ಉಬುಂಟುವಲ್ಲಿ ಈ ಮೂರಕ್ಕೆ ಡೀಫಾಲ್ಟ್ ಆಗಿ ಅನುಮತಿ ಇದೆ. ಬಟನ್ ಒತ್ತಿ ಹಿಡಿಯೋದು ಕೊನೇ ದಾರಿ ಆಗಿರ್ಲಿ.

ರೀಸ್ಟಾರ್ಟ್ ಆದ ಮೇಲೆ ಹಿಂದಿನ ಬೂಟ್‌ನ ಲಾಗ್: ಜರ್ನಲ್‌ಸಿಟಿಎಲ್ ಮೈನಸ್ ಕೆ ಮೈನಸ್ ಬಿ ಮೈನಸ್ 1. ಅದರ ಕೊನೇಲಿ ಪಿಎಂ ಸಸ್ಪೆಂಡ್ ಎಂಟ್ರಿ ಅಂತ ಸಾಲು ಇದ್ದು ಸಸ್ಪೆಂಡ್ ಎಕ್ಸಿಟ್ ಇಲ್ಲ ಅಂದ್ರೆ ಮಲಗೋವಾಗ್ಲೋ ಏಳೋವಾಗ್ಲೋ ಕರ್ನಲ್ಲೇ ಸಿಕ್ಕಿಹಾಕ್ಕೊಂಡಿದೆ. ಎಕ್ಸಿಟ್ ಇದ್ದು ಪರದೆ ಮಾತ್ರ ಕಪ್ಪು ಅಂದ್ರೆ ಗ್ರಾಫಿಕ್ಸ್. ಎನ್ವಿಡಿಯಾ ಆಗಿದ್ರೆ ಮಲಗೋ ಮುಂಚೆ ವಿಡಿಯೋ ಮೆಮೊರಿಯಲ್ಲಿರೋದನ್ನ ಉಳಿಸೋ ವ್ಯವಸ್ಥೆ ಆನ್ ಇರಬೇಕು: ಎನ್ವಿಡಿಯಾ-ಸಸ್ಪೆಂಡ್, ಎನ್ವಿಡಿಯಾ-ರೆಸ್ಯೂಮ್, ಎನ್ವಿಡಿಯಾ-ಹೈಬರ್ನೇಟ್ ಅನ್ನೋ ಮೂರು ಸರ್ವಿಸ್ ಎನೇಬಲ್ ಆಗಿರಬೇಕು, ಡ್ರೈವರ್ ಆಪ್ಷನ್‌ನಲ್ಲಿ ಪ್ರಿಸರ್ವ್ ವಿಡಿಯೋ ಮೆಮೊರಿ ಅಲೊಕೇಷನ್ಸ್ ಅನ್ನೋದು 1 ಆಗಿರಬೇಕು. ಎದ್ದ ಮೇಲೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಕಾಣೋದಕ್ಕೂ ಇದೇ ಮದ್ದು.

ಎರಡೂ ಓಎಸ್‌ನಲ್ಲಿ ಏಳ್ತಿಲ್ಲ ಅಂದ್ರೆ ಸಾಫ್ಟ್‌ವೇರ್ ಬಿಡಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನೋ ಜಾಸ್ತಿ ಸ್ಪೀಡಿನ ಸೆಟ್ಟಿಂಗ್ ಆಫ್ ಮಾಡಿ ರ‍್ಯಾಮ್‌ನ ಮಾಮೂಲಿ ಸ್ಪೀಡಲ್ಲಿ ಎರಡು ದಿನ ಓಡಿಸಿ. ಅಲ್ಲಿಗೆ ಸರಿಹೋದ್ರೆ ರ‍್ಯಾಮ್ ಆ ಸ್ಪೀಡಲ್ಲಿ ಗಟ್ಟಿಯಾಗಿ ನಿಲ್ತಿಲ್ಲ, ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿ ಖಚಿತ ಮಾಡ್ಕೊಳ್ಳಿ, ಬಯಾಸ್ ಅಪ್‌ಡೇಟ್ ಇದ್ರೆ ಹಾಕಿ.

ಕರೆಂಟ್ ಹೋಗೋ ಊರಲ್ಲಿ

ಸ್ಲೀಪ್‌ನಲ್ಲಿ ಕೆಲಸ ಎಲ್ಲಾ ರ‍್ಯಾಮ್‌ನಲ್ಲೇ ಇರುತ್ತೆ, ಕರೆಂಟ್ ಹೋದ್ರೆ ಅದೂ ಹೋಯ್ತು. ನಮ್ಮೂರು ಮಲೆನಾಡು, ಮಳೆಗಾಲದಲ್ಲಿ ಮರ ಲೈನ್ ಮೇಲೆ ಬಿದ್ರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ, ಅಲ್ಲಿ ನಾನು ಸ್ಲೀಪ್ ಬಳಸೋದೇ ಇಲ್ಲ. ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿ ಹೈಬ್ರಿಡ್ ಸ್ಲೀಪ್ ಅಂತ ಇದೆ, ರ‍್ಯಾಮ್ ಜೊತೆ ಡಿಸ್ಕ್‌ಗೂ ಬರೆದಿಡುತ್ತೆ, ಒಳ್ಳೇದೇ. ಆದ್ರೆ ಹೀಗೆ ಮಲಗಿರೋವಾಗ ಕರೆಂಟ್ ಹೋಗಿ, ಬಂದ ಮೇಲೆ ನೀವು ಲಿನಕ್ಸ್‌ಗೆ ಹೋದ್ರೆ ವಿಂಡೋಸ್ ಪಾರ್ಟಿಷನ್‌ನ ಮುಟ್ಲೇಬೇಡಿ, ಅದು ಇನ್ನೂ ಅರ್ಧ ನಿದ್ದೆಲಿದೆ. ಈ ರಗಳೆನೇ ಬೇಡ ಅನ್ನೋರು ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ /ಎಚ್ ಆಫ್ ಹೊಡೀರಿ, ಹೈಬರ್ನೇಟು, ಹೈಬ್ರಿಡ್, ಫಾಸ್ಟ್ ಸ್ಟಾರ್ಟಪ್ ಮೂರೂ ಒಟ್ಟಿಗೆ ಹೋಗುತ್ತೆ. ಲಿನಕ್ಸ್ ಹೈಬರ್ನೇಟ್ ಸೆಕ್ಯೂರ್ ಬೂಟ್ ಆನ್ ಇದ್ರೆ ಉಬುಂಟು, ಫೆಡೋರಾದಲ್ಲಿ ಕೆಲಸ ಮಾಡಲ್ಲ, ಕರ್ನಲ್ ಲಾಕ್‌ಡೌನ್ ಬಿಡಲ್ಲ, ಅದಕ್ಕೋಸ್ಕರ ಗಂಟೆಗಟ್ಟಲೆ ಸ್ವಾಪ್ ಜೊತೆ ಗುದ್ದಾಡ್ಬೇಡಿ.

ಕರೆಂಟ್ ಬಂದ ತಕ್ಷಣ ಮಷೀನ್ ತಾನೇ ಆನ್ ಆಗ್ತಿದ್ರೆ ಅದು ಬಯಾಸ್‌ನ ಎಸಿ ಪವರ್ ಲಾಸ್ ಸೆಟ್ಟಿಂಗು, ಅದನ್ನ 'ಪವರ್ ಆಫ್' ಅನ್ನೋದಕ್ಕೆ ಬದಲಾಯಿಸಿ. ಯುಪಿಎಸ್ ತಗೊಳ್ಳೋವಾಗ ವಿಎ ನೋಡಿ ಮೋಸ ಹೋಗ್ಬೇಡಿ, 600 ವಿಎ ಅಂದ್ರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ರೆ ಗೇಮ್ ಆಡೋವಾಗ ಕರೆಂಟ್ ಹೋದ್ರೆ ಯುಪಿಎಸ್ ಕೂಡ ಜೊತೆಗೇ ಕೈ ಕೊಡುತ್ತೆ.

ಸರಿಹೋಯ್ತು ಅನ್ನೋಕೆ ಮುಂಚೆ

ಒಂದು ಸಲ ಮಲಗಿ ಎದ್ರೆ ಸರಿಹೋಯ್ತು ಅಂತಲ್ಲ. ಸುಡೋ ಆರ್‌ಟಿಸಿವೇಕ್ ಮೈನಸ್ ಎಂ ಮೆಮ್ ಮೈನಸ್ ಎಸ್ 60 ಅಂತ ಹೊಡೆದ್ರೆ ಮಷೀನ್ ಮಲಗಿ 60 ಸೆಕೆಂಡಿಗೆ ತಾನೇ ಏಳುತ್ತೆ. ಇದನ್ನ ಹತ್ತು ಸಲ ಮಾಡಿ, ಅದ್ರಲ್ಲಿ ಎರಡು ಸಲ ಬ್ರೌಸರ್‌ನಲ್ಲಿ ವಿಡಿಯೋ ಓಡ್ತಿರೋವಾಗ. ಆಮೇಲೆ ವಿಂಡೋಸ್‌ಗೆ ಹೋಗಿ ಮೂರು ಸಲ ಮಲಗಿಸಿ, ಶಟ್‌ಡೌನ್ ಮಾಡಿ, ಲಿನಕ್ಸ್‌ಗೆ ಬಂದು ಡಿ ಡ್ರೈವ್‌ನಲ್ಲಿ ಒಂದು ಖಾಲಿ ಫೈಲು ಮಾಡೋಕಾಗುತ್ತಾ ನೋಡಿ, ಟೈಮ್ ಸರಿ ಇದೆಯಾ ನೋಡಿ. ಕರ್ನಲ್, ಗ್ರಾಫಿಕ್ಸ್ ಡ್ರೈವರ್ ಅಥವಾ ಬಯಾಸ್ ಅಪ್‌ಡೇಟ್ ಆದ ದಿನ ಈ ಹತ್ತು ಸಲದ ಪರೀಕ್ಷೆನ ಇನ್ನೊಂದ್ಸಲ ಮಾಡಿ, ತಾರೀಖು ಮತ್ತು ಕರ್ನಲ್ ನಂಬರ್ ನೋಟ್‌ಬುಕ್ಕಲ್ಲಿ ಬರ್ದಿಡಿ.